ಕರಿನಾಲಿಗೆ ಮಿಸ್ತ್ರಿ

ರಾಯಚೂರಿನ ಗಂಜ್ ರಸ್ತೆಯಲ್ಲಿ, ಬೇವಿನ ಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕುತುಬುದ್ದೀನ್ ಮಿಸ್ತ್ರಿ ದೇಸಿ ಗಾಡಿಗಳನ್ನು ಮುಟ್ಟುತ್ತಿರಲಿಲ್ಲ. ಅಂಬಾಸಿಡರು ತಂದವರನ್ನು ರಸ್ತೆಯ ಆಚೆ ಬದಿಯಲ್ಲೇ ನಿಲ್ಲಿಸಿ, ಮಡಿಯಲ್ಲಿರುವ ಮುದುಕಿಯ ಹಾಗೆ ದೂರದಿಂದಲೇ ಮಾತಾಡಿಸಿ ಕಳಿಸಿಬಿಡುತ್ತಿದ್ದ. ಟ್ರ್ಯಾಕ್ಟರು ತಂದವರಿಗೆ ಕಮ್ಮಾರರ ಓಣಿಯ ದಾರಿ ತೋರಿಸುತ್ತಿದ್ದ. ಇಂಗ್ಲೆಂಡು, ಜರ್ಮನಿ, ಇಟಲಿ, ಫ್ರಾನ್ಸು ಈ ನಾಲ್ಕು ದೇಶಗಳಲ್ಲಿ ಹುಟ್ಟಿದ ಮೋಟಾರಿಗೆ ಮಾತ್ರ ಅವನ ಕೈ ಬಾನೆಟ್ಟಿನೊಳಗೆ ಇಳಿಯುತ್ತಿತ್ತು. ಅವನ್ನು ಅವನು ವಿಲಾಯ್ತಿ ಗಾಡಿ ಎಂದು ಕರೆಯುತ್ತಿದ್ದ. ಹಾಗೆ ಕರೆಯುವಾಗ ಟೋಪಿಯನ್ನು ಕೊಂಚ ಸರಿಮಾಡಿಕೊಳ್ಳುತ್ತಿದ್ದ.

ಇಡೀ ಜಿಲ್ಲೆಯಲ್ಲಿ ಅಂಥ ಗಾಡಿಗಳು ಎಷ್ಟಿದ್ದವು ಎಂದು ಯಾರೂ ಅವನನ್ನು ಕೇಳಬಾರದಿತ್ತು. ಅವನ ದಿನಗಳು ಚೆನ್ನಾಗಿದ್ದಾಗ ಒಂಬತ್ತು ಇದ್ದವು. ೧೯೭೮ರ ಹೊತ್ತಿಗೆ ಉಳಿದದ್ದು ಮೂರು: ದೇವದುರ್ಗದ ದೇಸಾಯರ ಮನೆಯ ಇಂಗ್ಲಿಷ್ ಗಾಡಿ, ರಾಯಚೂರಿನ ಡಾಕ್ಟರೊಬ್ಬರ ಆಮೆಯಂಥ ಪುಟ್ಟ ಗಾಡಿ, ಮತ್ತು ಮಾನ್ವಿ ತಾಲೂಕು ಪೋತ್ನಾಳದ ರೈಸ್‌ಮಿಲ್ ಸಾಹುಕಾರ ವಿರೂಪಣ್ಣನ ದೊಡ್ಡ ಜರ್ಮನ್ ಗಾಡಿ. ಮೊದಲನೆಯದು ವರ್ಷಕ್ಕೊಮ್ಮೆ ದಸರಾಕ್ಕೆ ಹೊರಬರುತ್ತಿತ್ತು. ಎರಡನೆಯದು ಕೆಡುತ್ತಲೇ ಇರಲಿಲ್ಲ. ಅಂಥ ಗಾಡಿಯನ್ನು ಗೌರವಿಸಬಹುದು, ನಂಬಿಕೊಂಡು ಸಂಸಾರ ನಡೆಸಲಾಗದು. ಹಾಗಾಗಿ ಮಿಸ್ತ್ರಿಯ ಅನ್ನವೂ ಮಾನವೂ ಪೋತ್ನಾಳದ ಆ ಜರ್ಮನ್ ಗಾಡಿಯ ಮೇಲೆ ನಿಂತಿದ್ದವು.

ಅವನ ವಿದ್ಯೆ ಹೈದರಾಬಾದಿನದು. ಹನ್ನೆರಡನೇ ವಯಸ್ಸಿಗೆ ಅಲ್ಲೊಬ್ಬ ನವಾಬರ ಮೋಟಾರುಖಾನೆ ಸೇರಿ, ಬಿಳಿಯ ಮಿಸ್ತ್ರಿಯೊಬ್ಬನ ಕೈಕೆಳಗೆ ಹತ್ತು ವರ್ಷ ಗ್ರೀಸು ತಿಂದು, ನವಾಬಗಿರಿ ಮುಗಿದ ಮೇಲೆ ಊರಿಗೆ ಬಂದವನು. ಬರುವಾಗ ತಂದದ್ದು ಮೊಳದುದ್ದದ ಒಂದು ಸ್ಕ್ರೂಡ್ರೈವರು. ಅದರ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಗಾಡಿ ತನ್ನ ಹೊಟ್ಟೆಯೊಳಗಿನದನ್ನೆಲ್ಲ ಅವನಿಗೆ ಹೇಳಿಕೊಳ್ಳುತ್ತಿತ್ತು. ಅವನು ಕಣ್ಣು ತೆರೆದು ಒಂದೇ ಮಾತು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲೇ ರೋಗ. ಇದನ್ನು ನೋಡಲು ಗಂಜ್ ಪೇಟೆಯ ಹಮಾಲರು ಚೀಲ ಇಳಿಸಿ ನಿಲ್ಲುತ್ತಿದ್ದರು. ಕಣ್ಣು ಮುಚ್ಚುವುದು ವಿದ್ಯೆಗೆ ಅಷ್ಟೇನೂ ಬೇಕಿರಲಿಲ್ಲ, ನಿಂತವರಿಗೆ ಬೇಕಿತ್ತು.

ಮೂವತ್ತು ವರ್ಷ ಇಂಜಿನ್ನುಗಳಿಗೆ ಕಿವಿಗೊಟ್ಟವನ ಕಿವಿಗಳನ್ನು ಇಂಜಿನ್ನುಗಳೇ ಇಸಿದುಕೊಂಡವು. ಮೊದಲು ಬಾಂಗಿನ ದನಿ ಸಣ್ಣಗಾಯಿತು, ಆಮೇಲೆ ಹೆಂಡತಿ ಸುಗ್ರಾ ಬೇಗಂಳದು. ಎರಡನೆಯದನ್ನು ಅವನು ನಷ್ಟವೆಂದು ಎಣಿಸಲಿಲ್ಲ. ಆದರೆ ಒಂದು ದಿನ ಸ್ಕ್ರೂಡ್ರೈವರು ಹಚ್ಚಿದರೆ ಒಳಗಿನಿಂದ ಮಾತು ಬರಲಿಲ್ಲ, ಬರೀ ನಡುಕ ಬಂತು. ಅಂದಿನಿಂದ ಅವನು ಕೈಗೆ ತಾಗುವ ಅದುರಾಟದಿಂದ, ಎಣ್ಣೆಯ ವಾಸನೆಯಿಂದ, ಹೊಗೆಯ ಬಣ್ಣದಿಂದ ರೋಗ ಹಿಡಿಯತೊಡಗಿದ. ಕಿವಿಗೆ ಹಚ್ಚುವ ಆಟವನ್ನು ಮಾತ್ರ ಬಿಡಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ, ತಿಳಿಯದಿದ್ದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದ. ದೊಡ್ಡ ಮನುಷ್ಯರೂ ಹಾಗೇ ಮಾಡುವುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಗುಟ್ಟು ಗೊತ್ತಿದ್ದವರು ಇಬ್ಬರು. ಒಬ್ಬಳು ಸುಗ್ರಾ ಬೇಗಂ. ಇನ್ನೊಬ್ಬ ವಿರೂಪಣ್ಣನ ಡ್ರೈವರ್ ದೊಡ್ಡಪ್ಪ. ಗಾಡಿ ತಂದಾಗಲೆಲ್ಲ ಅವನು ಮಿಸ್ತ್ರಿಯ ಮುಖಕ್ಕೆ ಮುಖ ಕೊಟ್ಟು ಕೂತು, ಚಹಾ ಆರುವವರೆಗೂ ನಿಧಾನಕ್ಕೆ ಮಾತಾಡುತ್ತಿದ್ದ. ಗಾಡಿ ಹೇಗೆ ಸದ್ದು ಮಾಡುತ್ತದೆಂದು ಬಾಯಿಂದಲ್ಲ, ಬೆರಳಿನಿಂದ ಮಿಸ್ತ್ರಿಯ ಮೊಣಕಾಲ ಮೇಲೆ ಬಡಿದು ತೋರಿಸುತ್ತಿದ್ದ. ಯಾಕೆಂದು ಒಬ್ಬ ಹೇಳಲಿಲ್ಲ, ಇನ್ನೊಬ್ಬ ಕೇಳಲಿಲ್ಲ.

ಮೂರನೆಯವನೊಬ್ಬನಿದ್ದದ್ದು ಮಿಸ್ತ್ರಿಗೆ ಗೊತ್ತಿರಲಿಲ್ಲ. ಅವನು ಅಲ್ಲಾಉದ್ದೀನ್, ಮಿಸ್ತ್ರಿಯ ಕೈಯಲ್ಲೇ ಕಲಿತು ದುಬೈಗೆ ಹೋಗಿ ಬಂದವನು. ಬಂದವನು ಸ್ಟೇಷನ್ ರಸ್ತೆಯಲ್ಲಿ ಗ್ಯಾರೇಜು ತೆರೆದ. ಅಲ್ಲಿ ಗಿರಾಕಿಗಳಿಗೆ ಸೋಫಾ ಇತ್ತು, ತಲೆಯ ಮೇಲೆ ಫ್ಯಾನಿತ್ತು, ಗೋಡೆಯ ಮೇಲೆ ಹಿಮಾಲಯದ ಚಿತ್ರವಿತ್ತು. ಆ ಸೋಫಾದ ಮೇಲೆ ಒಮ್ಮೆ ಕೂತೆದ್ದ ವಿರೂಪಣ್ಣನಿಗೆ ಬೇವಿನ ಮರದ ಕೆಳಗಿನ ಮುರುಕು ಸ್ಟೂಲು ಚುಚ್ಚತೊಡಗಿತು. ಗುರುವಿಗೆ ಕಿವಿ ಕೇಳುವುದಿಲ್ಲ ಎಂದು ಶಿಷ್ಯ ಬಹಳ ಮರುಕದಿಂದ ತಿಳಿಸಿದ.

ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಗ್ಯಾರೇಜು ಬದಲಿಸುತ್ತಿದ್ದರು. ವಿರೂಪಣ್ಣ ಯಾವುದನ್ನೂ ಸುಮ್ಮನೆ ಮಾಡುವವನಲ್ಲ. ಪೋತ್ನಾಳದಲ್ಲಿ ಅವನು ಉಗುರು ಕತ್ತರಿಸಿಕೊಳ್ಳುವಾಗಲೂ ನಾಲ್ಕು ಜನ ನಿಂತು ಭೇಷ್ ಅನ್ನುತ್ತಿದ್ದರು. ಎತ್ತು ಆರಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಸಂತೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ, ಓಡಿಸಿ, ಹತ್ತು ಮಂದಿಯ ಎದುರು ಒಂದನ್ನು ತೆಗೆದು ಒಂಬತ್ತನ್ನು ಹಳಿಯುತ್ತಿದ್ದ. ಮಿಸ್ತ್ರಿಯನ್ನೂ ಹಾಗೇ ಆರಿಸುತ್ತೇನೆಂದ.

"ಎತ್ತು ತಗೊಳ್ಳೋ ಮುಂದ ಹಲ್ಲು ನೋಡ್ತೀವಿ," ಎಂದು ಅವನು ಮಾನ್ವಿಯ ಮಿಲ್ಲಿನವರಿಗೆಲ್ಲ ಹೇಳಿ ಕಳಿಸಿದ. "ಮಿಸ್ತ್ರೀನ್ನ ತಗೊಳ್ಳೋ ಮುಂದ ಕಿವಿ ನೋಡೂಣು, ಬರ್ರಿ."

ಕುತುಬುದ್ದೀನನಿಗೆ ಹೋದ ಕರೆಯಲ್ಲಿ ಕಿವಿಯ ಮಾತಿರಲಿಲ್ಲ. ಇಬ್ಬರು ಮಿಸ್ತ್ರಿಗಳೂ ಗಾಡಿ ನೋಡಬೇಕು, ರೋಗ ಸರಿಯಾಗಿ ಹೇಳಿದವನಿಗೆ ಗಾಡಿಯ ಕೆಲಸ ಎಂದಷ್ಟೇ ಇತ್ತು. ಅವನು ಗಡ್ಡಕ್ಕೆ ಮೆಹಂದಿ ಹಚ್ಚಿಸಿಕೊಂಡ, ಇಸ್ತ್ರಿಯ ಪೈಜಾಮ ಹಾಕಿದ. ಸುಗ್ರಾ ಬೇಗಂ ಹೋಗಬೇಡವೆಂದಳು. ಅವನು ಅವಳ ಕಡೆ ಬೆನ್ನು ಮಾಡಿ ನಿಂತ. ಹಾಗೆ ನಿಂತರೆ ಅವಳ ಮಾತು ಅವನಿಗೆ ತಲುಪುತ್ತಿರಲಿಲ್ಲ.

ಮಿಲ್ಲಿನ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ಜರ್ಮನ್ ಗಾಡಿಯನ್ನು ಇಂಜಿನ್ ರೂಮಿನ ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದ್ದರು. ಗೋಡೆಯ ಆಚೆ ಮಿಲ್ಲು ನಡೆಸುವ ಹಳೆಯ ಆಯಿಲ್ ಇಂಜಿನ್ನು ಧಡ್ ಧಡ್ ಎಂದು ಓಡುತ್ತಿತ್ತು. ಅಂಗಳದ ನೆಲ, ಕುರ್ಚಿ, ಕುರ್ಚಿಯ ಮೇಲಿದ್ದ ವಿರೂಪಣ್ಣನ ಹೊಟ್ಟೆ ಎಲ್ಲವೂ ಅದರ ತಾಳಕ್ಕೆ ಅದುರುತ್ತಿದ್ದವು. ದೊಡ್ಡಪ್ಪ ಸ್ಟೀರಿಂಗಿನ ಹಿಂದೆ ಕೂತಿದ್ದ. ಅವನು ಮಿಸ್ತ್ರಿಯ ಮುಖ ನೋಡಲಿಲ್ಲ.

ಕುತುಬುದ್ದೀನ್ ಬಾನೆಟ್ ಎತ್ತಿಸಿ ಗಾಡಿ ಚಾಲೂ ಮಾಡಿಸಿದ. ಅಂಗೈಯಿಟ್ಟು ನೋಡಿದ. ಆಮೇಲೆ, ಜನ ಕಾಯುತ್ತಿದ್ದ ಆಟಕ್ಕೆ ಇಳಿದ: ಸ್ಕ್ರೂಡ್ರೈವರು ಹಚ್ಚಿದ, ಕಿವಿ ಕೊಟ್ಟ, ಕಣ್ಣು ಮುಚ್ಚಿದ. ಅಷ್ಟರಲ್ಲಿ ವಿರೂಪಣ್ಣ ಬೆರಳೆತ್ತಿದ. ದೊಡ್ಡಪ್ಪ ಕೀಲಿ ತಿರುವಿ ಗಾಡಿಯನ್ನು ಬಂದ್ ಮಾಡಿದ.

ಕುತುಬುದ್ದೀನ್ ಆಲಿಸುತ್ತಲೇ ಇದ್ದ. ತಲೆಯನ್ನು ಕೊಂಚ ವಾಲಿಸಿದ. ಹುಬ್ಬು ಗಂಟಿಕ್ಕಿದ. ನಲವತ್ತು ಜನ ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುವನ್ನು ತಡೆದು ನಿಂತಿದ್ದರು. ಕೊನೆಗೆ ಅವನು ಕಣ್ಣು ತೆರೆದಾಗ ಮುಖ ನಿಜಕ್ಕೂ ಗಾಬರಿಯಾಗಿತ್ತು.

"ಸಾಹುಕಾರ್ರ, ಬೇರಿಂಗ್ ಪೂರಾ ಹೋಗ್ಯಾದ. ಇನ್ನ ಎಂಟತ್ತು ದಿನ. ಹಿಂಗ ಓಡಿಸಿದ್ರ ಒಳಗಿನ ರಾಡು ಮುರದು ಹೊರಗ ಬರ್ತದ. ಮದಲ ಬಂದ್ ಮಾಡಸ್ರಿ."

"ಬಂದ್ ಮಾಡ್ಸೀನೋ ಮಿಸ್ತ್ರಿ," ಎಂದ ವಿರೂಪಣ್ಣ, ತುಟಿಗಳನ್ನು ಬಿಡಿಸಿ ಬಿಡಿಸಿ ಆಡಿಸುತ್ತ. "ನೀ ಕಣ್ಣು ಮುಚ್ಚಿದಾಗ್ಲೇ ಬಂದ್ ಮಾಡ್ಸೀನಿ."

ದೊಡ್ಡಪ್ಪ ಕೀಲಿಯನ್ನು ಎತ್ತಿ ಹಿಡಿದು ತೋರಿಸಬೇಕಾಯಿತು; ಹಾಗೆಂದು ಅಪ್ಪಣೆಯಾಗಿತ್ತು. ಆಗ ಎದ್ದ ನಗುವನ್ನು ಕುತುಬುದ್ದೀನ್ ಕೇಳಲಿಲ್ಲ, ನೋಡಿದ: ನಲವತ್ತು ಬಾಯಿ, ಎಲೆಅಡಿಕೆಯ ಕೆಂಪು, ಅಲುಗುವ ಹೊಟ್ಟೆಗಳು. ಅಲ್ಲಾಉದ್ದೀನ್ ಮಾತ್ರ ನಗದೆ ತಲೆ ತಗ್ಗಿಸಿದ್ದ. ಗೆದ್ದವನಿಗೆ ಅಷ್ಟು ಸಭ್ಯತೆ ಕಷ್ಟವಲ್ಲ. ವಿರೂಪಣ್ಣ ಒಳಗಿನಿಂದ ಎತ್ತಿನ ಕೊರಳ ಗಂಟೆಯೊಂದನ್ನು ತರಿಸಿ, ಶಾಲು ಹೊದಿಸುವ ಗಾಂಭೀರ್ಯದಿಂದ ಮಿಸ್ತ್ರಿಯ ಕೊರಳಿಗೆ ಕಟ್ಟಿಸಿದ. ಇದಾದರೂ ಕೇಳುತ್ತದೋ ನೋಡು ಎಂದು ಯಾರೋ ಅದನ್ನು ಅಲುಗಾಡಿಸಿದರು.

ಬಸ್ಸಿನಲ್ಲಿ ಮಾನ್ವಿ ಬರುವವರೆಗೂ ಅವನು ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಕೈಗೆ ತಾಗಿದ ಆ ಬಡಿತ ಸುಳ್ಳು ಹೇಗಾಯಿತು ಎಂದು ಯೋಚಿಸಿದ. ಮೊಣಕಾಲ ಮೇಲೆ ಬೆರಳಿನಿಂದ ಬಡಿದು ನೋಡಿದ. ಮೋಟಾರಿನ ಇಂಜಿನ್ನಿಗೆ ಅದು ಬಹಳ ನಿಧಾನದ ಬಡಿತ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಹೊಳೆಯಿತು: ತಾನು ಹಿಡಿದದ್ದು ಗೋಡೆಯಾಚೆಯ ಮಿಲ್ಲಿನ ಇಂಜಿನ್ನಿನ ರೋಗ.

ಬುದ್ಧಿಯಿದ್ದವನಾದರೆ ರಾಯಚೂರಿಗೆ ಹೋಗಿ ಮಲಗುತ್ತಿದ್ದ. ಕುತುಬುದ್ದೀನ್ ಮಿಸ್ತ್ರಿಯಾಗಿದ್ದರಿಂದ ಬಸ್ಸಿಳಿದು, ಎದುರು ಬಸ್ಸು ಹಿಡಿದು ಪೋತ್ನಾಳಕ್ಕೆ ತಿರುಗಿ ಹೋದ. ಅಂಗಳದಲ್ಲಿ ಇನ್ನೂ ಊಟ ನಡೆದಿತ್ತು. ಸಾಹುಕಾರ್ರ, ಕೆಟ್ಟದ್ದು ನಿಮ್ಮ ಮಿಲ್ಲಿನ ಇಂಜಿನ್ನು, ಎಂಟತ್ತು ದಿನದಲ್ಲಿ ಒಡೆಯುತ್ತದೆ ಎಂದು ಎಲ್ಲರೆದುರು ಹೇಳಿದ.

ನಗು ಈ ಸಲ ಅಷ್ಟು ಜೋರಾಗಿ ಬರಲಿಲ್ಲ. ವಿರೂಪಣ್ಣ ತುತ್ತು ಕೆಳಗಿಟ್ಟ.

"ಗಾಡಿ ಸಿಗಲಿಲ್ಲಂತ ಉಣ್ಣೋ ಹೊತ್ತಿನಾಗ ಬಂದು ನನ್ನ ಮಿಲ್ಲಿಗೆ ಶಾಪ ಹಾಕ್ತೀಯೇನಲೇ?"

ಅವನನ್ನು ತೋಳು ಹಿಡಿದು ಗೇಟಿನ ಹೊರಗೆ ಬಿಟ್ಟರು. ಒಂಬತ್ತನೆಯ ದಿನ ಮಿಲ್ಲಿನ ಇಂಜಿನ್ನಿನ ರಾಡು ಮುರಿದು, ಹೊರಕವಚ ಒಡೆದು, ಗೋಡೆ ತೂರಿ, ಅದೇ ಅಂಗಳಕ್ಕೆ ಬಂದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕರಿಯ ಎಣ್ಣೆ ಮಾತ್ರ ಬಿಳಿಯ ಅಕ್ಕಿಯ ರಾಶಿಯ ಮೇಲೆ ಚೆಲ್ಲಿತು.

ಕುತುಬುದ್ದೀನ್ ಸುದ್ದಿ ತಿಳಿದು, ಕರೆ ಬರುತ್ತದೆಂದು ಎರಡು ದಿನ ಇಸ್ತ್ರಿಯ ಪೈಜಾಮ ಹಾಕಿಕೊಂಡೇ ಕೂತ. ಅವನ ವಿದ್ಯೆ ನಿಜವಾಯಿತಲ್ಲ, ಕಿವಿಯಿಲ್ಲದೆಯೂ ನಿಜವಾಯಿತಲ್ಲ. ಬಂದದ್ದು ಬೇರೆ ಸುದ್ದಿ. ಪೋತ್ನಾಳ, ಮಾನ್ವಿ, ಗಬ್ಬೂರು, ದೇವದುರ್ಗ ಎಲ್ಲ ಕಡೆ ಜನ ಒಂದೇ ಮಾತು ಆಡಿಕೊಂಡರು: ಮಿಸ್ತ್ರಿಯದು ಕರಿನಾಲಿಗೆ. ಅವನು ಕೆಡುತ್ತದೆ ಅಂದರೆ ಕೆಡುತ್ತದೆ. ಕೆಟ್ಟದ್ದನ್ನು ಮೊದಲೇ ತಿಳಿದು ಹೇಳಿದ ಎಂದು ಒಪ್ಪಿಕೊಂಡರೆ ನಲವತ್ತು ಜನ ಮೂರ್ಖರಾಗಬೇಕಿತ್ತು. ಅವನ ನಾಲಿಗೆಯಿಂದಲೇ ಕೆಟ್ಟಿತು ಅಂದರೆ ಒಬ್ಬನೇ ಕೆಟ್ಟವನಾದರೆ ಸಾಕು. ಜನ ಲೆಕ್ಕದಲ್ಲಿ ಗಟ್ಟಿ.

ಡಾಕ್ಟರು ತಮ್ಮ ಗಾಡಿಯನ್ನು ಮಾರಿದರು. ದೇಸಾಯರ ಮನೆಯವರು ದಸರಾಕ್ಕೂ ಗಾಡಿ ಹೊರಗೆ ತೆಗೆಯಲಿಲ್ಲ. ಗಂಜ್ ಪೇಟೆಗೆ ಬರುವ ಲಾರಿಗಳು ಬೇವಿನ ಮರ ದಾಟುವಾಗ ಆ ಬದಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡವು. ವ್ಯಾಪಾರದವರು ಅವನಿಗೆ ಸಲಾಂ ಮಾಡುವಾಗ, ಅವನು ಬದಲಿಗೆ ಏನೂ ಹೇಳದಿರಲಿ ಎಂದು ಬೇಗಬೇಗ ನಡೆದರು. ಒಂದು ದಿನ ಯರಗೇರಾದಿಂದ ಒಬ್ಬ ರೈತ ಬಂದು, ಕೋಳಿಯೊಂದನ್ನು ಕೆಳಗಿಟ್ಟು, ಪಾಲಿನ ಜಗಳವಿದ್ದ ತನ್ನ ಅಣ್ಣನ ಟ್ರ್ಯಾಕ್ಟರಿನ ಬಗ್ಗೆ ಮಿಸ್ತ್ರಿ ಒಂದೇ ಒಂದು ಮಾತು ಆಡಬೇಕೆಂದು ಕೈಮುಗಿದ. ಕುತುಬುದ್ದೀನ್ ಅವನನ್ನು ಸ್ಪ್ಯಾನರು ಹಿಡಿದು ಅಟ್ಟಿದ. ಆಮೇಲೆ ಆ ತಿಂಗಳಲ್ಲಿ ಶೆಡ್ಡಿಗೆ ಬಂದ ಗಿರಾಕಿ ಅವನೊಬ್ಬನೇ ಎಂದು ನೆನಪಾಗಿ, ಕೋಳಿ ಹೋದ ದಿಕ್ಕನ್ನು ಬಹಳ ಹೊತ್ತು ನೋಡುತ್ತ ಕೂತ.

ಸುಗ್ರಾ ಬೇಗಂ ಮನೆಯಲ್ಲಿ ಆಡು ಕಟ್ಟಿ ಹಾಲು ಮಾರತೊಡಗಿದಳು. ವಿರೂಪಣ್ಣ ಕಟ್ಟಿಸಿದ ಗಂಟೆಯನ್ನು ಆಡಿನ ಕೊರಳಿಗೆ ಹಾಕಿದಳು. ಒಳ್ಳೆಯ ಕಂಚು, ಬಿಸಾಕುವುದು ಯಾಕೆ? ಗಂಡ ಬಾಗಿಲಲ್ಲಿ ಕೂತು ಹೋಗಿಬರುವ ಗಾಡಿಗಳ ಹೊಗೆ ನೋಡಿ ತುಟಿ ಬಿಚ್ಚಿದಾಗಲೆಲ್ಲ ಅವಳು ಎದುರಿಗೆ ಬಂದು ನಿಲ್ಲುತ್ತಿದ್ದಳು. "ನಕ್ಕೊ ಬೋಲೋ ಜೀ," ಬೇಡ, ಏನೂ ಅನ್ನಬೇಡಿ.

ದೊಡ್ಡಪ್ಪ ಒಮ್ಮೆ ಬಂದಿದ್ದ. ಎಂದಿನಂತೆ ಮುಖಕ್ಕೆ ಮುಖ ಕೊಟ್ಟು ಕೂತು, ಕೀಲಿ ತಿರುವಿದ ಕೈಯನ್ನು ಮಿಸ್ತ್ರಿಯ ಮುಂದೆ ಚಾಚಿದ.

"ಉಸ್ತಾದ್ರ, ಹೊಡೀರಿ."

ಕುತುಬುದ್ದೀನ್ ಹೊಡೆಯಲಿಲ್ಲ. ಚಹಾ ತರಿಸಲೂ ಇಲ್ಲ.

ಹೀಗೆ ಮೂರು ವರ್ಷ ಹೋಯಿತು. ಅಷ್ಟರಲ್ಲಿ ಅಲ್ಲಾಉದ್ದೀನ್ ಜರ್ಮನ್ ಗಾಡಿಯನ್ನು ಮೂರು ಸಲ ಬಿಚ್ಚಿ ಎರಡು ಸಲ ಮಾತ್ರ ಪೂರ್ತಿ ಜೋಡಿಸಿದ. ಉಳಿದ ಸಾಮಾನು ಒಂದು ಡಬ್ಬಿಯಲ್ಲಿ ಸೋಫಾದ ಕೆಳಗಿತ್ತು. ಗಾಡಿ ರಸ್ತೆಯ ನಡುವೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿತು. ೧೯೮೧ರ ಬೇಸಿಗೆಯಲ್ಲಿ ಶಿಷ್ಯ ಡಬ್ಬಿಯನ್ನು ವಿರೂಪಣ್ಣನಿಗೆ ಒಪ್ಪಿಸಿ ಮತ್ತೆ ದುಬೈಗೆ ಹೋದ. ಅದೇ ವಾರ ವಿರೂಪಣ್ಣನ ಮಗಳಿಗೆ ದೇವದುರ್ಗದಲ್ಲಿ ಸಂಬಂಧ ಗೊತ್ತಾಯಿತು. ನಿಶ್ಚಯಕ್ಕೆ ಅಂಬಾಸಿಡರಿನಲ್ಲಿ ಹೋಗಿ ಇಳಿದರೆ ಬೀಗರ ಕಣ್ಣಲ್ಲಿ ಮಾನ ಏನು ಉಳಿಯಿತು? ಇಡೀ ಸೀಮೆಯಲ್ಲಿ ಆ ಗಾಡಿಯ ಹೊಟ್ಟೆ ತಿಳಿದವನು ಒಬ್ಬನೇ ಇದ್ದ, ಬೇವಿನ ಮರದ ಕೆಳಗೆ.

ಷರತ್ತನ್ನು ಹೊತ್ತು ತಂದವನು ದೊಡ್ಡಪ್ಪ. ನಿಶ್ಚಯದ ದಿನ ಬೆಳಿಗ್ಗೆ ಗಾಡಿ ಬರುತ್ತದೆ, ಕಾರ್ಬುರೇಟರು ಸರಿಮಾಡಬೇಕು, ಚೆನ್ನಾಗಾದರೆ ಇನ್ನು ಮುಂದೆ ಗಾಡಿ ಕಾಯಂ ನಿನಗೇ. ಆದರೆ ಗಾಡಿ ಬಂದು ಹೋಗುವವರೆಗೆ ಮಿಸ್ತ್ರಿ ಒಂದು ಮಾತೂ ಆಡಕೂಡದು. ಇದನ್ನು ಹೇಳುವಾಗ ದೊಡ್ಡಪ್ಪನ ತುಟಿಗಳು ಎಡವುತ್ತಿದ್ದವು. ಕುತುಬುದ್ದೀನ್ ತಲೆಯಾಡಿಸಿದ.

ವಿರೂಪಣ್ಣ ಜರಿ ರುಮಾಲು ಸುತ್ತಿಕೊಂಡು, ಹಿಂದಿನ ಸೀಟಿನಲ್ಲಿ ಸೀರೆ, ಹಣ್ಣಿನ ಬುಟ್ಟಿಗಳ ನಡುವೆ ಕೂತು ಬಂದ. ಮುಹೂರ್ತಕ್ಕೆ ತಡವಾಗುತ್ತಿತ್ತು. ಮಿಸ್ತ್ರಿಯನ್ನು ನಂಬದೆ ತಾನೇ ಇಳಿದು ಎದುರಿಗೆ ನಿಂತ. ಒಂದು ದಪ್ಪ ಎಲೆಅಡಿಕೆಯ ಪಟ್ಟಿ ಮಡಚಿ ಸ್ವಂತ ಕೈಯಿಂದ ಮಿಸ್ತ್ರಿಯ ಬಾಯಿಗೆ ತುರುಕಿದ. ನೋಡಿದವರಿಗೆ ಅದು ಮರ್ಯಾದೆಯ ಹಾಗೆ ಕಂಡಿತು.

ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಮೂರು ವರ್ಷದ ಮೇಲೆ ಮತ್ತೆ ವಿಲಾಯ್ತಿ ಇಂಜಿನ್ನು ಅವನ ಅಂಗೈಯ ಕೆಳಗೆ ರೇಷ್ಮೆಯಂತೆ ಓಡಿತು. ಅವನ ಕಣ್ಣಲ್ಲಿ ನೀರು ಬಂತು. ಸುಣ್ಣ ಹೆಚ್ಚಾಗಿತ್ತು ಎಂದು ಬೇಕಾದರೆ ಅಂದುಕೊಳ್ಳಬಹುದು. ಸ್ಪ್ಯಾನರು ಎತ್ತಿಕೊಳ್ಳಲು ಬಗ್ಗಿದಾಗ ಹಿಂದಿನ ಗಾಲಿಯ ಒಳಮಗ್ಗುಲಲ್ಲಿ ಒದ್ದೆ ಕಂಡಿತು. ಬೆರಳು ಮುಟ್ಟಿಸಿ ಮೂಸಿದ. ಬ್ರೇಕಿನ ಎಣ್ಣೆ. ಪೈಪು ಬಿರುಕು ಬಿಟ್ಟು ಹನಿಹನಿಯಾಗಿ ಸೋರುತ್ತಿತ್ತು. ಗಬ್ಬೂರು ದಾಟಿ ಇಳಿಜಾರು ಬರುವವರೆಗೆ ಬ್ರೇಕು ಹಿಡಿದೀತು, ಅಷ್ಟೇ.

ಅವನು ಎದ್ದು ನಿಂತು ಬಾಯಿ ತೆರೆದ.

ವಿರೂಪಣ್ಣ ಬೆಚ್ಚಿ ತುಟಿಯ ಮೇಲೆ ಬೆರಳಿಟ್ಟುಕೊಂಡ. "ಮುಚ್ಚು ಬಾಯಿ. ಶುಭಕ್ಕ ಹೊಂಟೀವಿ."

ಕುತುಬುದ್ದೀನ್ ಬಾಯಿ ತೆರೆದೇ ಒಂದು ಗಳಿಗೆ ನಿಂತ. ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು: ಗಾಡಿ ಇನ್ನು ಮುಂದೆ ಬರುವುದಿಲ್ಲ. ಹೇಳದಿದ್ದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಕೈಸನ್ನೆ ಮಾಡಬಹುದಿತ್ತು. ಒದ್ದೆ ಬೆರಳನ್ನು ದೊಡ್ಡಪ್ಪನಿಗೆ ತೋರಿಸಿದ್ದರೆ ಸಾಕಿತ್ತು. ಅವನಿಗೆ ಬೆರಳಿನ ಭಾಷೆ ಬರುತ್ತಿತ್ತು. ಸ್ಟೀರಿಂಗಿನ ಹಿಂದಿನಿಂದ ದೊಡ್ಡಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಅವನ ಕೈ ಕೀಲಿಯ ಮೇಲಿತ್ತು. ಆ ಕೈಯನ್ನು ನೋಡುತ್ತ ಕುತುಬುದ್ದೀನ್ ಎಲೆಅಡಿಕೆ ಜಗಿದ. ಬೆರಳನ್ನು ಪೈಜಾಮಕ್ಕೆ ಒರೆಸಿಕೊಂಡ. ಆಮೇಲೆ ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಹೋಗಬಹುದು ಎಂದು ತಲೆಯಾಡಿಸಿದ.

ಗಬ್ಬೂರಿನ ಆಚೆ, ಹಳ್ಳದ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ಸೇತುವೆಯ ಕಟ್ಟೆ ಒಡೆದುಕೊಂಡು ಒಣ ಹಳ್ಳಕ್ಕೆ ಬಿತ್ತು. ವಿರೂಪಣ್ಣ ಸೀರೆಗಳ ಗಂಟಿನ ಮೇಲೆ ಬಿದ್ದದ್ದರಿಂದ ರುಮಾಲು ಮಾತ್ರ ಬಿಚ್ಚಿತು. ದೊಡ್ಡಪ್ಪನ ಬಲಗಾಲು, ಕೊನೆಯವರೆಗೂ ಬ್ರೇಕನ್ನು ತುಳಿಯುತ್ತಿದ್ದ ಕಾಲು, ನುಚ್ಚಾಗಿ ಹೋಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲೆ ಕತ್ತರಿಸಿದರು.

ಜನ ಮತ್ತೆ ಒಂದೇ ಮಾತಾಡಿದರು. ಮಿಸ್ತ್ರಿ ಅಂದು ಬಾಯಿ ಬಿಟ್ಟಿದ್ದನಂತೆ, ಸಾಹುಕಾರರು ಸಮಯಕ್ಕೆ ಸರಿಯಾಗಿ ಮುಚ್ಚಿಸಿದರಂತೆ. ಅರ್ಧ ಶಾಪಕ್ಕೇ ಇಷ್ಟಾಯಿತು, ಪೂರ್ತಿ ಹೇಳಿದ್ದರೆ ಇಬ್ಬರೂ ಹೋಗುತ್ತಿದ್ದರು. ಮಾತು ತಡೆದುಕೊಂಡದ್ದಕ್ಕೆ ವಿರೂಪಣ್ಣ ಮಿಸ್ತ್ರಿಗೆ ತೆಂಗಿನಕಾಯಿಯನ್ನೂ ಒಂದು ರುಮಾಲನ್ನೂ ಕಳಿಸಿದ. ಬಾಯಿ ಕಟ್ಟಿದರೆ ಕರಿನಾಲಿಗೆಯವನ ಕೈ ಬಹಳ ಒಳ್ಳೆಯದು ಎಂದು ಹೆಸರಾಯಿತು. ಮಾನ್ವಿಯ ಲಾರಿಗಳು, ದೇವದುರ್ಗದ ಜೀಪುಗಳು, ಗಬ್ಬೂರಿನ ಟ್ರ್ಯಾಕ್ಟರುಗಳು ಬೇವಿನ ಮರದ ಕೆಳಗೆ ಸಾಲುಗಟ್ಟಿದವು. ಪ್ರತಿಯೊಬ್ಬರೂ ಬರುವಾಗ ಎಲೆಅಡಿಕೆ ತರುತ್ತಿದ್ದರು. ಅಂಬಾಸಿಡರನ್ನು ರಸ್ತೆಯಾಚೆ ನಿಲ್ಲಿಸುತ್ತಿದ್ದವನು ಈಗ ದಿನವಿಡೀ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿರುತ್ತಿದ್ದ. ಜಿಲ್ಲೆಯಲ್ಲಿ ಇನ್ನೂ ಓಡುತ್ತಿದ್ದ ಕೊನೆಯ ವಿಲಾಯ್ತಿ ಗಾಡಿಯನ್ನು ಹಳ್ಳದಿಂದ ಎಳೆತಂದು ಪೋತ್ನಾಳದ ಮಿಲ್ಲಿನ ಹಿಂದೆ ಒಗೆದಿದ್ದರು. ಕೋಳಿಗಳು ಅದರಲ್ಲಿ ಮೊಟ್ಟೆಯಿಡುತ್ತಿದ್ದವು. ದೊಡ್ಡಪ್ಪನಿಗೆ ವಿರೂಪಣ್ಣ ಮಿಲ್ಲಿನ ಕಾವಲು ಕೊಟ್ಟ. ಅಂದರೆ ಅವನು ದಿನವಿಡೀ ಆ ಗಾಡಿಯನ್ನು ನೋಡುತ್ತ ಕೂರಬೇಕಿತ್ತು.

ಮರುವರ್ಷ ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪ ಕೋಲೂರಿಕೊಂಡು ರಾಯಚೂರಿಗೆ ಬಂದ. ಕುತುಬುದ್ದೀನ್ ಟ್ರ್ಯಾಕ್ಟರಿನ ಕೆಳಗಿಂದ ಹೊರಬಂದು, ಕೈ ಒರೆಸಿಕೊಂಡು, ಸ್ಟೂಲು ಹಾಕಿದ. ಚಹಾ ತರಿಸಿದ. ದೊಡ್ಡಪ್ಪ ಎಂದಿನಂತೆ ಅವನ ಮುಖಕ್ಕೆ ಮುಖ ಕೊಟ್ಟು ಕೂತ. ಚಹಾ ಆರಿತು. ಸುಗ್ರಾ ಬೇಗಂಳ ಆಡು ಗಂಟೆ ಅಲುಗಿಸುತ್ತ ಬಂದು ದೊಡ್ಡಪ್ಪನ ಕೋಲನ್ನು ಮೂಸಿತು. ದೊಡ್ಡಪ್ಪ ಆ ಸದ್ದಿಗೆ ತಿರುಗಿ, ಗಂಟೆಯನ್ನು ಗುರುತಿಸಿ, ಮತ್ತೆ ಮಿಸ್ತ್ರಿಯ ಕಡೆ ನೋಡಿದ.

"ಉಸ್ತಾದ್ರ," ಎಂದ, ತುಟಿಗಳನ್ನು ನಿಧಾನಕ್ಕೆ ಆಡಿಸುತ್ತ. "ಅವತ್ತು ಬಾಯಿ ತೆರದಿದ್ರಿ. ನಿಮಗ ಬ್ರೇಕಿಂದು ಗೊತ್ತಾಗಿತ್ತೇನ್ರಿ?"

ಹತ್ತು ವರ್ಷ ಊರಿಗೆಲ್ಲ ಕಿವಿ ಕೇಳುತ್ತದೆಂದು ನಟಿಸಿದ್ದ ಮನುಷ್ಯ ಗ್ರೀಸು ಮೆತ್ತಿದ ಅಂಗೈಯನ್ನು ಕಿವಿಯ ಹಿಂದೆ ಹಿಡಿದ.

"ಕೇಳಂಗಿಲ್ಲ ದೊಡ್ಡಪ್ಪ," ಎಂದ. "ಕಿವಿ ಪೂರಾ ಹೋಗ್ಯಾವ."

ದೊಡ್ಡಪ್ಪ ಚಹಾದ ಬಸಿಯನ್ನು ನೆಲಕ್ಕಿಟ್ಟು, ಕೋಲನ್ನು ಆಡಿನ ಬಾಯಿಂದ ಬಿಡಿಸಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ಹೊರಟ. ಅಷ್ಟರಲ್ಲಿ ಮುಂದಿನ ಟ್ರ್ಯಾಕ್ಟರಿನವನು ಎಲೆಅಡಿಕೆ ಹಿಡಿದು ನಿಂತಿದ್ದ. ಕುತುಬುದ್ದೀನ್ ಬಾಯಿ ತೆರೆದ.